ಏಪ್ರಿಲ್ ಬಿಸಿಲಿನಲ್ಲಿ ಗಾಲ್ಫ್ ಆಡುವಾಗ ಏನು ಧರಿಸಬೇಕು?

ಹೊಸ ಆಟಗಾರ:

ಎಲ್ಲರಿಗೂ ನಮಸ್ಕಾರ. ಕಳೆದ ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಗಾಲ್ಫ್ ಕಲಿಯಲು ಆರಂಭಿಸಿದೆ. ಇಷ್ಟು ದಿನ ಅಭ್ಯಾಸದ ರೇಂಜಿನಲ್ಲಿ ಮಾಡಿನ ಕೆಳಗೆ ನಿಂತು ಆಡಿದ್ದರಿಂದ ಉಡುಪಿನ ಬಗ್ಗೆ ಯೋಚಿಸುವ ಪ್ರಸಂಗವೇ ಬರಲಿಲ್ಲ. ಈಗ ನಮ್ಮ ಕಚೇರಿಯ ಹಿರಿಯರೊಬ್ಬರು ಏಪ್ರಿಲ್ ಕೊನೆಯ ವಾರದಲ್ಲಿ ತಮ್ಮ ಕ್ಲಬ್ಬಿನಲ್ಲಿ 18 ಹೋಲ್, ಅಂದರೆ ಪೂರ್ತಿ ಒಂದು ಸುತ್ತು, ಆಡಲು ಆಹ್ವಾನಿಸಿದ್ದಾರೆ. ಸಿಕ್ಕಿರುವ ಸಮಯ ಬೆಳಿಗ್ಗೆ ಹತ್ತರ ಸುಮಾರು, ಅಂದರೆ ಆಟ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡು ದಾಟಿರುತ್ತದೆ.

ಕ್ಲಬ್ಬಿನ ಸೂಚನೆಯಂತೆ ಕಾಲರ್ ಇರುವ ಟೀ ಶರ್ಟ್ ಧರಿಸಿ ಇನ್‌ಶರ್ಟ್ ಮಾಡಿರಬೇಕು. ಜೀನ್ಸ್, ಟ್ರ್ಯಾಕ್ ಪ್ಯಾಂಟ್ ಮತ್ತು ಪಕ್ಕದಲ್ಲಿ ದೊಡ್ಡ ಜೇಬುಗಳಿರುವ ಕಾರ್ಗೊ ಶಾರ್ಟ್ಸ್ ಕೂಡದು. ಮೊಣಕಾಲಿನ ಹತ್ತಿರಕ್ಕೆ ಬರುವ ಅಚ್ಚುಕಟ್ಟಾದ ಶಾರ್ಟ್ಸ್ ಆಗಬಹುದು. ಇಷ್ಟು ಅರ್ಥವಾಯಿತು. ತಿಳಿಯದಿರುವುದು ಬೇರೆಯದು. ಹತ್ತಿ ಬಟ್ಟೆ ಒಳ್ಳೆಯದೋ, ಅಂಗಡಿಯವರು ಒತ್ತಾಯಿಸುವ ನುಣುಪಾದ ಪಾಲಿಯೆಸ್ಟರ್ ಒಳ್ಳೆಯದೋ? ಶಾರ್ಟ್ಸ್ ಹಾಕಿದರೆ ನಿಜಕ್ಕೂ ಸೆಖೆ ಕಡಿಮೆಯಾಗುತ್ತದೆಯೇ? ಬಿಸಿಲಲ್ಲಿ ಆಡಿ ಅಭ್ಯಾಸವಿರುವವರು ದಯವಿಟ್ಟು ತಿಳಿಸಿ.

ಹೈಗ್ರೌಂಡ್ಸ್ ಹಿರಿಯ:

ಬಿಸಿಲು ಎಷ್ಟೇ ಇರಲಿ, ನಾನು ತುಂಬು ಪ್ಯಾಂಟಿನಲ್ಲಿಯೇ ಆಡಿದವನು, ಇಂದಿಗೂ ಹಾಗೆಯೇ ಆಡುತ್ತೇನೆ. ಬೆಂಗಳೂರಿನಲ್ಲಿ ಈ ಆಟ 1876ರಿಂದ ನಡೆದುಬಂದಿದೆ. ಅಂದಿನವರು ಕೋಟು, ಟೈ ಧರಿಸಿ ಆಡುತ್ತಿದ್ದರು ಎಂಬುದನ್ನು ನೆನೆದರೆ ಇಂದಿನ ಕಾಲರ್ ಟೀ ಶರ್ಟಿನ ನಿಯಮ ಬಹಳ ಉದಾರವಾದದ್ದೇ. ವೃತ್ತಿಪರರ ಪಿಜಿಎ ಟೂರ್ ಕೂಡ 2019ರ ಫೆಬ್ರುವರಿಯಲ್ಲಿ ಶಾರ್ಟ್ಸ್‌ಗೆ ಅನುಮತಿ ಕೊಟ್ಟದ್ದು ಅಭ್ಯಾಸದ ಸುತ್ತುಗಳಿಗೆ ಮತ್ತು ಹವ್ಯಾಸಿಗಳ ಜೊತೆಗಿನ ಪ್ರೊ-ಆಮ್ ಆಟಗಳಿಗೆ ಮಾತ್ರ. ಸ್ಪರ್ಧೆಯ ದಿನ ಉದ್ದ ಪ್ಯಾಂಟನ್ನು ಕೈಬಿಡಲಿಲ್ಲ.

ಒಂದು ವಿಷಯ ಸ್ಪಷ್ಟವಾಗಿರಲಿ. ಗಾಲ್ಫ್ ನಿಯಮಗಳ ಪುಸ್ತಕದಲ್ಲಿ ಉಡುಪನ್ನು ನಿಗದಿಪಡಿಸುವ ನಿಯಮವೇ ಇಲ್ಲ. 2019ರಲ್ಲಿ ಪರಿಷ್ಕರಿಸಿದ ನಿಯಮಗಳ 1.2ಬಿ ಪ್ರಕಾರ ಆಯಾ ಸಮಿತಿ ತನ್ನದೇ ನಡಾವಳಿ ಸಂಹಿತೆಯನ್ನು ಮಾಡಿಕೊಳ್ಳಬಹುದು, ಅದರಲ್ಲಿ ಉಡುಪಿನ ಮಾತೂ ಬರಬಹುದು. ಆದ್ದರಿಂದ ಒಂದು ಕ್ಲಬ್ಬಿನಲ್ಲಿ ನಡೆಯುವುದು ಮತ್ತೊಂದರಲ್ಲಿ ನಡೆಯದು. ಅತಿಥಿಯಾಗಿ ಹೋಗುವವರು ಆಹ್ವಾನಿಸಿದವರನ್ನೇ ಕೇಳುವುದು ಉತ್ತಮ, ಏಕೆಂದರೆ ಗೇಟಿನ ಬಳಿ ಮುಜುಗರಕ್ಕೆ ಒಳಗಾಗುವವರು ಅವರೇ. ಶಾರ್ಟ್ಸ್ ಹಾಕುವುದೇ ಆದರೆ ಸಾಕ್ಸ್ ಎಷ್ಟು ಉದ್ದ ಇರಬೇಕು ಎಂಬುದನ್ನೂ ಕೇಳಿಕೊಳ್ಳಿ. ಕೆಲವು ಕಡೆ ಅದಕ್ಕೂ ನಿಯಮವಿದೆ.

ಮರಳುಗಾಡಿನ ಕನ್ನಡಿಗ:

ಹಿರಿಯರೇ, ಗೌರವದಿಂದಲೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಯುರೋಪಿಯನ್ ಟೂರ್ ಅಭ್ಯಾಸದ ಆಟಗಳಿಗೆ 2016ರಲ್ಲಿಯೇ ಶಾರ್ಟ್ಸ್ ಒಪ್ಪಿಕೊಂಡಿತು, ವೃತ್ತಿಪರರ ಹೊಸ ಲೀಗ್ ಆದ ಲಿವ್ ಗಾಲ್ಫ್‌ನವರು 2022ರ ಸೆಪ್ಟೆಂಬರಿನಲ್ಲಿ ಸ್ಪರ್ಧೆಯ ಸುತ್ತಿಗೂ ಒಪ್ಪಿಕೊಂಡರು. ಅದರಿಂದ ಆಟದ ಘನತೆಗೆ ಧಕ್ಕೆ ಬಂದಂತೆ ನನಗೆ ಕಾಣಲಿಲ್ಲ. ನಾನು ದುಬೈನಲ್ಲಿ ನೆಲೆಸಿದ್ದೇನೆ. ಇಲ್ಲಿ 1988ರಲ್ಲಿ ಆರಂಭವಾದ ಎಮಿರೇಟ್ಸ್ ಗಾಲ್ಫ್ ಕ್ಲಬ್ಬಿನ ಒಂದು ಮೈದಾನದಲ್ಲಿ ದೀಪಗಳನ್ನು ಹಾಕಿ ರಾತ್ರಿ ಆಡಲು ಅವಕಾಶ ಮಾಡಿದ್ದಾರೆ. ಬೇಸಿಗೆಯಲ್ಲಿ ನಮ್ಮಂಥವರು ಆಡುವುದು ಸೂರ್ಯ ಮುಳುಗಿದ ಮೇಲೆ. ಹೊರಗೆ ದುಡಿಯುವ ಕಾರ್ಮಿಕರಿಗೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಕೊಡಬಾರದೆಂಬ ಸರ್ಕಾರಿ ನಿಯಮವೇ ಇದೆ.

ಹೊಸ ಆಟಗಾರರಿಗೆ ನನ್ನ ಮೊದಲ ಸಲಹೆ ಬಟ್ಟೆಯ ಬಗ್ಗೆ ಅಲ್ಲ. ಸಾಧ್ಯವಾದರೆ ಸಮಯವನ್ನು ಬೆಳಿಗ್ಗೆ ಆರೂವರೆಗೆ ಬದಲಾಯಿಸಿಕೊಳ್ಳಿ. ಆಗದಿದ್ದರೆ ಧಾರಾಳವಾಗಿ ಶಾರ್ಟ್ಸ್ ಹಾಕಿಕೊಳ್ಳಿ.

ಚರ್ಮದ ಡಾಕ್ಟರ್:

ನಾನು ಮೈಸೂರಿನಲ್ಲಿ ಚರ್ಮರೋಗ ವೈದ್ಯೆ. ಗಾಲ್ಫ್ ಆಡುವವರು ನನ್ನ ಬಳಿ ಆಗಾಗ ಬರುತ್ತಾರೆ, ಸಾಮಾನ್ಯವಾಗಿ ಕತ್ತಿನ ಹಿಂಭಾಗ, ಕಿವಿಯ ತುದಿ ಮತ್ತು ಮುಂಗೈ ತೋರಿಸಿಕೊಳ್ಳಲು. ಹಿರಿಯರ ತುಂಬು ಪ್ಯಾಂಟನ್ನು ನಾನು ಬೆಂಬಲಿಸುತ್ತೇನೆ. ನನ್ನ ಕಾರಣ ಮಾತ್ರ ಸಂಪ್ರದಾಯಕ್ಕೆ ಸಂಬಂಧಿಸಿದ್ದಲ್ಲ.

ಸೆಖೆ ಬೇರೆ, ಬಿಸಿಲಿನ ನೇರಳಾತೀತ ಕಿರಣ ಬೇರೆ. ಬೆಂಗಳೂರಿನಲ್ಲಿ ಗಾಳಿ ತಂಪಾಗಿ ಬೀಸುವ ದಿನವೂ ಕಿರಣ ತೀಕ್ಷ್ಣವಾಗಿರಬಹುದು. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಪ್ರತಿ ಸಾವಿರ ಮೀಟರಿಗೆ ಈ ಕಿರಣಗಳ ಪ್ರಮಾಣ ಶೇ. 10ರಷ್ಟು ಏರುತ್ತದೆ. ಅದಲ್ಲದೆ ಏಪ್ರಿಲ್ 24-25ರ ಸುಮಾರಿಗೆ ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ ಬರುತ್ತದೆ. ಅಂದು ಮಧ್ಯಾಹ್ನ ಹನ್ನೆರಡೂಕಾಲರ ಹೊತ್ತಿಗೆ ಸೂರ್ಯ ಸರಿಯಾಗಿ ನಡುನೆತ್ತಿಯ ಮೇಲಿದ್ದು, ನೆಟ್ಟಗೆ ನಿಲ್ಲಿಸಿದ ಕಂಬಕ್ಕೂ ನೆರಳು ಬೀಳುವುದಿಲ್ಲ. ನೀವು ಆಡಲಿರುವ ವಾರವೇ ಅದು. ಆ ಹೊತ್ತಿಗೆ ನೀವು ಬಹುಶಃ ಹನ್ನೊಂದನೆಯ ಹೋಲಿನ ಹತ್ತಿರ ಇರುತ್ತೀರಿ.

ಸೂರ್ಯ ನೆತ್ತಿಯ ಮೇಲಿರುವಾಗ ಅಗಲ ಅಂಚಿನ ಟೋಪಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಸುತ್ತಲೂ ಏಳೂವರೆ ಸೆಂಟಿಮೀಟರ್ ಅಂಚಿದ್ದರೆ ಮುಖ, ಕಿವಿ, ಕತ್ತು ಮೂರಕ್ಕೂ ನೆರಳು. ಮುಂದೆ ಮಾತ್ರ ಅಂಚಿರುವ ಕ್ರಿಕೆಟ್ ಕ್ಯಾಪಿನಲ್ಲಿ ಕಿವಿ ಮತ್ತು ಕತ್ತು ಬಯಲಿನಲ್ಲಿಯೇ ಉಳಿಯುತ್ತವೆ. ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್ ಮೇಲೆ ತಲೆ ಬಾಗಿಸಿ ಪಟ್ ಮಾಡುವ, ಅಂದರೆ ಚೆಂಡನ್ನು ಮೆಲ್ಲಗೆ ಕುಳಿಯತ್ತ ಉರುಳಿಸುವ ಆಟಗಾರನ ಕತ್ತಿಗೆ ಬಿಸಿಲು ನೇರವಾಗಿ ಬೀಳುತ್ತದೆ. ಕಂದು ಬಣ್ಣದ ಚರ್ಮಕ್ಕೆ ಏನೂ ಆಗುವುದಿಲ್ಲ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಚರ್ಮದ ಕ್ಯಾನ್ಸರಿನ ಅಪಾಯ ನಮಗೆ ಬಿಳಿಯರಿಗಿಂತ ಕಡಿಮೆ ಎಂಬುದು ನಿಜ, ಆದರೆ ಬಂಗು, ಕಪ್ಪು ಕಲೆ, ಅಕಾಲದ ಸುಕ್ಕು, ಕಣ್ಣಿನ ಪೊರೆ ನಮ್ಮನ್ನು ಬಿಟ್ಟಿಲ್ಲ.

ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನನ್ನು ಹೊರಡುವ ಮೊದಲು ಹಚ್ಚಿ, ಒಂಬತ್ತನೆಯ ಹೋಲ್ ಮುಗಿದಾಗ ಮತ್ತೆ ಹಚ್ಚಿ. ಆಟಗಾರರು ಎರಡನೆಯದನ್ನು ಮಾಡುವುದೇ ಇಲ್ಲ, ಕೈ ಜಾರುತ್ತದೆ ಎನ್ನುತ್ತಾರೆ. ಕಡ್ಡಿಯ ರೂಪದಲ್ಲಿ ಬರುವ ಸನ್‌ಸ್ಕ್ರೀನ್ ಇದೆ, ಅದಕ್ಕೆ ಬೆರಳು ತಗಲಿಸಬೇಕಿಲ್ಲ. ಬಟ್ಟೆಯಿಂದ ಮುಚ್ಚಿದ ಜಾಗಕ್ಕೆ ಯಾವುದನ್ನೂ ಹಚ್ಚುವ ಕೆಲಸವಿಲ್ಲ, ಉದ್ದ ಪ್ಯಾಂಟಿನ ಪರವಾಗಿ ನನ್ನ ವಾದ ಇಷ್ಟೇ.

ಗಿರಣಿ ಮಾಸ್ತರ:

ನಾನು ಹೆಣೆದ ಬಟ್ಟೆಯ ಉದ್ಯಮದಲ್ಲಿ ಇರುವವನು. ತಿರುಪ್ಪೂರಿನಲ್ಲಿ ಕೆಲಸ ಕಲಿತು ಈಗ ಪೀಣ್ಯದಲ್ಲಿದ್ದೇನೆ. ಹತ್ತಿಯೋ ಪಾಲಿಯೆಸ್ಟರೋ ಎಂಬ ಪ್ರಶ್ನೆಗೆ ವಿವರವಾಗಿ ಉತ್ತರಿಸಲು ಅನುಮತಿ ಇರಲಿ.

ನಮ್ಮ ದೇಹವನ್ನು ತಂಪಾಗಿಸುವುದು ಬೆವರು ಆರುವ ಕ್ರಿಯೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲೊರಿ ಶಾಖ ದೇಹದಿಂದ ಹೊರಹೋಗುತ್ತದೆ; ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಏನೂ ಸಿಗುವುದಿಲ್ಲ. ಆದ್ದರಿಂದ ಬಟ್ಟೆ ಬೆವರನ್ನು ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆಯೋ, ಹರಡಿ ಆರಿಸುತ್ತದೆಯೋ ಎಂಬುದೇ ಪ್ರಶ್ನೆ. ಸಾಧಾರಣ ಹವೆಯಲ್ಲಿ ಹತ್ತಿ ನೂಲು ತನ್ನ ತೂಕದ ಶೇ. 8.5ರಷ್ಟು ತೇವವನ್ನು ನಾರಿನ ಒಳಗೇ ಇಟ್ಟುಕೊಂಡಿರುತ್ತದೆ, ಪಾಲಿಯೆಸ್ಟರ್ ಶೇ. 0.4ರಷ್ಟು ಮಾತ್ರ. ಹತ್ತಿಯ ಟೀ ಶರ್ಟ್ ಒದ್ದೆಯಾದರೆ ಭಾರವಾಗಿ ಬೆನ್ನಿಗೆ ಅಂಟುತ್ತದೆ, ಸ್ವಿಂಗ್ ಮಾಡುವಾಗ ಭುಜದ ಬಳಿ ಎಳೆಯುತ್ತದೆ. ಒಳ್ಳೆಯ ಪಾಲಿಯೆಸ್ಟರ್ ಹೆಣಿಗೆಯಲ್ಲಿ ನೂಲುಗಳ ನಡುವಿನ ಸಣ್ಣ ಸಂದುಗಳ ಮೂಲಕ ಬೆವರು ಹೊರಮೈಗೆ ಹರಿದು ಹರಡಿಕೊಳ್ಳುತ್ತದೆ, ಗಾಳಿ ಬಂದರೆ ಬೇಗ ಆರುತ್ತದೆ.

ಹಾಗೆಂದು ಅಂಗಡಿಯವರ ಮಾತಿಗೆಲ್ಲ ತಲೆದೂಗಬೇಡಿ. ಪಾಲಿಯೆಸ್ಟರ್ ಎಂದ ಮಾತ್ರಕ್ಕೆ ತಂಪಲ್ಲ. ದಟ್ಟವಾಗಿ ಹೆಣೆದು ಮೈಗೆ ಅಂಟಿಕೊಳ್ಳುವ ಅಗ್ಗದ ಬಟ್ಟೆಯಲ್ಲಿ ಗಾಳಿ ಆಡುವುದಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಬಾಯಿಯಿಂದ ಊದಿ ನೋಡಿ. ಚೀಟಿಯ ಮೇಲೆ ಒಂದು ಚದರ ಮೀಟರ್ ಬಟ್ಟೆಯ ತೂಕವನ್ನು ಗ್ರಾಂನಲ್ಲಿ ಹೇಳುವ ಜಿಎಸ್‌ಎಂ ಬರೆದಿದ್ದರೆ ಬೇಸಿಗೆಗೆ 130ರಿಂದ 150 ಸಾಕು. ಸಾಮಾನ್ಯವಾಗಿ ಸಿಗುವ ಹತ್ತಿಯ ಪಿಕೆ ಟೀ ಶರ್ಟ್‌ಗಳು 200ರ ಮೇಲಿರುತ್ತವೆ. ಪಿಕೆ ಹೆಣಿಗೆಯ ಉಬ್ಬು ತಗ್ಗುಗಳು ಬಟ್ಟೆಯನ್ನು ಮೈಯಿಂದ ಸ್ವಲ್ಪ ಮೇಲೆತ್ತಿ ಹಿಡಿಯುತ್ತವೆ, ಅದು ಅದರ ಒಳ್ಳೆಯ ಗುಣ. ಅದನ್ನು ಆಟದಂಗಳಕ್ಕೆ ತಂದವರು 1920ರ ದಶಕದ ಫ್ರೆಂಚ್ ಟೆನಿಸ್ ಆಟಗಾರ ರೆನೆ ಲಕೋಸ್ತ್. ಕಾಲರ್ ಮೃದುವಾಗಿದ್ದು, ಕತ್ತಿನ ಮೇಲೆ ಬಿಸಿಲು ಬೀಳದಂತೆ ಎತ್ತಿಕೊಳ್ಳಲು ಬರುತ್ತಿತ್ತು. ಡಾಕ್ಟರ್ ಮೇಡಂ ಹೇಳಿದ ಕತ್ತಿಗೆ ಆ ಕಾಲರಿನಿಂದ ಉಪಯೋಗವಿದೆ. ಎತ್ತಿಕೊಂಡರೆ ಕೆಲವು ಕ್ಲಬ್ಬಿನ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ, ಅದು ಬೇರೆ ಮಾತು.

ಬಿಸಿಲು ತಡೆಯುವ ಶಕ್ತಿಗೆ ಯುಪಿಎಫ್ ಎಂಬ ಅಳತೆ ಇದೆ. ಯುಪಿಎಫ್ 50 ಎಂದರೆ ಐವತ್ತರಲ್ಲಿ ಒಂದು ಪಾಲು ಕಿರಣ ಮಾತ್ರ ಒಳಹೋಗುತ್ತದೆ. ತೆಳ್ಳಗಿನ ಬಿಳಿ ಹತ್ತಿ ಟೀ ಶರ್ಟಿನ ಯುಪಿಎಫ್ ಸುಮಾರು 7, ಒದ್ದೆಯಾದರೆ 3ಕ್ಕೆ ಇಳಿಯುತ್ತದೆ. ಬೆವರಿನಲ್ಲಿ ತೊಯ್ದ ಬಿಳಿ ಹತ್ತಿಯನ್ನು ನಂಬಿಕೊಂಡವರಿಗೆ ಇದು ಗೊತ್ತಿರುವುದಿಲ್ಲ. ಪಾಲಿಯೆಸ್ಟರ್ ನಾರು ತನ್ನ ರಾಸಾಯನಿಕ ರಚನೆಯಿಂದಲೇ ಈ ಕಿರಣವನ್ನು ಹೆಚ್ಚು ತಡೆಯುತ್ತದೆ.

ಕೊನೆಗೆ ಒಗೆಯುವ ಬಗ್ಗೆ. ಬಟ್ಟೆ ಮೃದುವಾಗಲೆಂದು ಕೊನೆಯ ನೀರಿಗೆ ಹಾಕುವ ಪರಿಮಳದ ದ್ರವವನ್ನು ಇಂಥ ಬಟ್ಟೆಗೆ ಹಾಕಬೇಡಿ. ಅದು ನೂಲಿನ ಮೇಲೆ ಪದರವಾಗಿ ಕೂತು ಬೆವರು ಹರಡುವುದನ್ನು ತಡೆಯುತ್ತದೆ. ದುಬಾರಿ ಟೀ ಶರ್ಟ್ ಕೆಲವೇ ತಿಂಗಳಲ್ಲಿ ಕೆಟ್ಟಿತು ಎಂದು ದೂರುವವರ ಮನೆಯಲ್ಲಿ ನಾನು ಮೊದಲು ವಿಚಾರಿಸುವುದು ಇದನ್ನೇ.

ಪಿಲಿಕುಳದ ಪಕ್ಕದವ:

ಮಾಸ್ತರರ ಲೆಕ್ಕ ಬೆಂಗಳೂರಿಗೆ ಸರಿ. ನಮ್ಮ ಮಂಗಳೂರಿನ ಕಡೆ ಏಪ್ರಿಲಿನಲ್ಲಿ ಗಾಳಿಯೇ ನೀರಿನಿಂದ ತುಂಬಿರುವುದರಿಂದ ಬೆವರು ಆರುವ ಮಾತೇ ಇಲ್ಲ, ಯಾವ ಬಟ್ಟೆ ಹಾಕಿದರೂ ಮೂರನೆಯ ಹೋಲಿಗೆ ತೊಯ್ದು ತೊಪ್ಪೆ. ಇಲ್ಲಿ ನಾನು ಎರಡನೆಯ ಟೀ ಶರ್ಟನ್ನು ಬ್ಯಾಗಿನಲ್ಲಿಟ್ಟುಕೊಂಡು ಅರ್ಧ ಆಟದಲ್ಲಿ ಬದಲಾಯಿಸುತ್ತೇನೆ. ಮತ್ತೊಂದು ಪ್ರಶ್ನೆ: ಖಾದಿಯ ಅರ್ಧ ತೋಳಿನ ಅಂಗಿಗೂ ಕಾಲರ್ ಇದೆಯಲ್ಲ, ಅದನ್ನು ಏಕೆ ಹಾಕಬಾರದು? ಸೆಖೆಗೆ ನಿಜವಾಗಿ ಹೇಳಿ ಮಾಡಿಸಿದ್ದು ಪಂಚೆಯೇ, ಆದರೆ ಅದಕ್ಕೆ ಅನುಮತಿ ಕೇಳುವ ಧೈರ್ಯ ನನಗಿಲ್ಲ.

ಗಿರಣಿ ಮಾಸ್ತರ:

ಖಾದಿಯಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಹಾಕಬಹುದು. ತೊಡಕು ಒಂದೇ. ನೇಯ್ದ ಬಟ್ಟೆ ಹಿಗ್ಗುವುದಿಲ್ಲ. ಹಿಂದಕ್ಕೆ ಪೂರ್ತಿ ತಿರುಗಿದಾಗ ಬೆನ್ನಿನ ಬಳಿ ಬಿಗಿಯುತ್ತದೆ ಮತ್ತು ಇನ್‌ಶರ್ಟ್ ಕಳಚಿ ಹೊರಬರುತ್ತದೆ. ಒಂದು ಅಳತೆ ದೊಡ್ಡದನ್ನು ತೆಗೆದುಕೊಂಡು, ಬೆನ್ನಿನ ಮೇಲೆ ಮಡಿಕೆ ಬಿಟ್ಟು ಹೊಲಿಸಿಕೊಂಡರೆ ನಡೆಯುತ್ತದೆ. ಕಾಲರ್ ಇದೆ ಎಂದು ಎಲ್ಲ ಕ್ಲಬ್ಬಿನವರೂ ಒಪ್ಪುತ್ತಾರೆಂದು ಮಾತ್ರ ಹೇಳಲಾರೆ.

ಪಂಚೆಯ ಮಾತು ತಮಾಷೆಯಾಗಿದ್ದರೂ ಅದರಲ್ಲಿ ಒಂದು ಹುರುಳಿದೆ. ಮರುಭೂಮಿಯ ಬೆಡೊಯಿನ್ ಜನರು ಕಪ್ಪು ನಿಲುವಂಗಿ ಏಕೆ ಧರಿಸುತ್ತಾರೆ ಎಂದು ಪರೀಕ್ಷಿಸಿದ ಸಂಶೋಧನೆಯೊಂದು 1980ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಪ್ಪು ಬಟ್ಟೆ ಹೆಚ್ಚು ಶಾಖ ಹೀರಿದರೂ, ನಿಲುವಂಗಿ ಸಡಿಲವಾಗಿರುವುದರಿಂದ ಆ ಶಾಖ ಚರ್ಮ ತಲುಪುವ ಮೊದಲೇ ಒಳಗಾಡುವ ಗಾಳಿಯೊಡನೆ ಹೊರಟುಹೋಗುತ್ತದೆ ಎಂದು ಅದರಲ್ಲಿ ಕಂಡುಬಂತು. ಬಿಗಿಯಾದ ಬಟ್ಟೆಗೆ ಇದು ಅನ್ವಯಿಸದು, ಅಲ್ಲಿ ತಿಳಿ ಬಣ್ಣವೇ ಉತ್ತಮ. ಆದ್ದರಿಂದ ಪ್ಯಾಂಟ್ ಕೊಳ್ಳುವಾಗ ತೊಡೆ ಮತ್ತು ಮೊಣಕಾಲಿನ ಬಳಿ ಗಾಳಿಗೆ ಜಾಗವಿರುವ, ತೆಳ್ಳಗಿನ, ಸ್ವಲ್ಪ ಹಿಗ್ಗುವ ಬಟ್ಟೆಯದನ್ನು ನೋಡಿ. ಈಗ ಫ್ಯಾಷನ್ನಿನಲ್ಲಿರುವ ಕಾಲಿಗೆ ಅಂಟುವ ಪ್ಯಾಂಟನ್ನು ಬಿಸಿಲಿಗೆ ಹಾಕುವುದಾದರೆ, ದುಬೈಯವರು ಹೇಳಿದಂತೆ ಶಾರ್ಟ್ಸೇ ಮೇಲು.

ಮೈಸೂರಿನ ಆಟಗಾರ್ತಿ:

ಇಷ್ಟು ಹೊತ್ತು ಗಂಡಸರ ಪ್ಯಾಂಟಿನ ಚರ್ಚೆಯೇ ನಡೆಯಿತು. ಹೆಂಗಸರಿಗೆ ಕ್ಲಬ್ಬುಗಳು ಸಾಮಾನ್ಯವಾಗಿ ಹೆಚ್ಚು ಆಯ್ಕೆ ಕೊಡುತ್ತವೆ: ಒಳಗೆ ಚಡ್ಡಿ ಸೇರಿಸಿ ಹೊಲಿದ ಸ್ಕರ್ಟ್, ಮುಕ್ಕಾಲು ಪ್ಯಾಂಟ್, ಕಾಲರ್ ಇದ್ದರೆ ತೋಳಿಲ್ಲದ ಟೀ ಶರ್ಟ್. ಆದರೆ ಆಯ್ಕೆ ಇದ್ದಲ್ಲಿ ಕಣ್ಣಿಡುವವರೂ ಇರುತ್ತಾರೆ. ಅಮೆರಿಕದ ವೃತ್ತಿಪರ ಮಹಿಳೆಯರ ಸಂಸ್ಥೆ ಎಲ್‌ಪಿಜಿಎ 2017ರ ಜುಲೈನಲ್ಲಿ ತನ್ನ ಆಟಗಾರ್ತಿಯರ ಕತ್ತಿನ ಕೊರೆತ ಎಷ್ಟು ಆಳವಿರಬೇಕು, ಸ್ಕರ್ಟಿನ ಉದ್ದ ಎಷ್ಟಿರಬೇಕು ಎಂದು ನಿಯಮ ಬಿಗಿಗೊಳಿಸಿ, ಮೀರಿದರೆ 1000 ಡಾಲರ್ ದಂಡ ಎಂದಿತು. ಬಿಸಿಲಿನ ಗೊಡವೆ ಆ ನಿಯಮಗಳಲ್ಲಿ ಎಲ್ಲಿಯೂ ಇದ್ದಂತೆ ನನಗೆ ಕಾಣಲಿಲ್ಲ.

ನಾನು ಧರಿಸುವುದು ತಿಳಿ ಬಣ್ಣದ ಸಡಿಲ ಪ್ಯಾಂಟ್, ಅರ್ಧ ತೋಳಿನ ಟೀ ಶರ್ಟ್, ಅದರ ಕೆಳಗೆ ಮಣಿಕಟ್ಟಿನವರೆಗೆ ಬರುವ ಸ್ಲೀವ್ಸ್. ಸ್ಕೂಟರ್ ಓಡಿಸುವ ನಮ್ಮ ಊರಿನ ಹುಡುಗಿಯರೆಲ್ಲ ಹಾಕುವಂಥದ್ದೇ. ಗಾಲ್ಫ್ ಅಂಗಡಿಯಲ್ಲಿ ಅದಕ್ಕೆ ಹಲವು ಪಟ್ಟು ಬೆಲೆ. ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡದ್ದೂ ಬಿಸಿಲು ತಡೆಯುತ್ತದೆ, ತುದಿಯ ಎಲಾಸ್ಟಿಕ್ ಮಾತ್ರ ಬೇಗ ಸಡಿಲಾಗುತ್ತದೆ. ಮೊದಲು ನೋಡಿ ನಕ್ಕವರಲ್ಲಿ ಕೆಲವರು ಈಗ ತಾವೇ ಹಾಕಿಕೊಂಡು ಬರುತ್ತಿದ್ದಾರೆ.

ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದದ್ದು ಎಲ್ಲರಿಗೂ ನೆನಪಿದೆ. 2021ರ ಆಗಸ್ಟಿನಲ್ಲಿ ನಡೆದ ಆ ಆಟದಲ್ಲಿ ಸೆಖೆ ಎಷ್ಟಿತ್ತೆಂದರೆ, ಅಮೆರಿಕದ ಆಟಗಾರ್ತಿಯೊಬ್ಬರ ಬ್ಯಾಗ್ ಹೊರುವ ಕ್ಯಾಡಿ ಮೊದಲ ಸುತ್ತಿನಲ್ಲಿಯೇ ಬಿಸಿಲಿಗೆ ಬಳಲಿ ಬ್ಯಾಗನ್ನು ಇನ್ನೊಬ್ಬರಿಗೆ ಒಪ್ಪಿಸಬೇಕಾಯಿತು. ಅದಿತಿಯ ಬ್ಯಾಗ್ ಹೊತ್ತವರು ಅವರ ತಾಯಿ. ನಾಲ್ಕೂ ದಿನ ಅವರು ಹೊತ್ತರು.

ಬ್ಯಾಗ್ ಹೊತ್ತವ:

ಮೇಡಂ ಆ ಮಾತು ತೆಗೆದದ್ದರಿಂದ ಬರೆಯುತ್ತಿದ್ದೇನೆ. ನಾನು ಹುಡುಗನಾಗಿದ್ದಾಗ ಕ್ಯಾಡಿಯಾಗಿದ್ದೆ, ಈಗ ಮಕ್ಕಳಿಗೆ ಆಟ ಕಲಿಸುತ್ತೇನೆ. ಉಡುಪಿನ ಬಗ್ಗೆ ಇಲ್ಲಿ ಬಂದ ಮಾತುಗಳೆಲ್ಲ ಬ್ಯಾಗ್ ಹೊರದವರ ಬಗ್ಗೆ. 18 ಹೋಲ್ ಎಂದರೆ ಎಂಟರಿಂದ ಹತ್ತು ಕಿಲೋಮೀಟರ್ ನಡಿಗೆ, ನಾಲ್ಕು ಗಂಟೆಗೂ ಹೆಚ್ಚು ಹೊತ್ತು. ಕ್ಯಾಡಿಗೆ ಅದರ ಜೊತೆಗೆ ಹೆಗಲ ಮೇಲೆ ಹತ್ತು ಹದಿನೈದು ಕಿಲೋ ಭಾರ, ಪಟ್ಟಿ ಒತ್ತುವ ಜಾಗದಲ್ಲಿ ಬೆವರು ಆರಲು ದಾರಿಯೇ ಇಲ್ಲ. ನಾನು ದುಡಿದ ಕಡೆ ನಮಗೆ ಕೊಟ್ಟಿದ್ದು ದಪ್ಪ ಟೆರಿಕಾಟ್ ಬಟ್ಟೆಯ ಗಾಢ ಬಣ್ಣದ ಮೇಲಂಗಿ. ಸ್ವಂತ ಅಂಗಿಯ ಮೇಲೆ ಅದನ್ನು ಹಾಕಿಕೊಳ್ಳಬೇಕಿತ್ತು. ಅಂದರೆ ಏಪ್ರಿಲಿನಲ್ಲಿ ಎರಡು ಪದರ. ಸದಸ್ಯರಿಗೆ ಶಾರ್ಟ್ಸ್ ಬೇಕೋ ಬೇಡವೋ ಎಂದು ಸಭೆಗಳಾದವು, ನಮ್ಮ ಮೇಲಂಗಿಯ ಬಗ್ಗೆ ಯಾರೂ ಕೇಳಲಿಲ್ಲ.

ಪಿಜಿಎ ಟೂರ್ 1999ರಲ್ಲಿಯೇ ಕ್ಯಾಡಿಗಳಿಗೆ ಶಾರ್ಟ್ಸ್ ಹಾಕಲು ಬಿಟ್ಟಿತು. ಆ ಬೇಸಿಗೆಯಲ್ಲಿ ಒಬ್ಬ ಕ್ಯಾಡಿ ಮೈದಾನದಲ್ಲಿ ಕುಸಿದುಬಿದ್ದ ಮೇಲೆ. ಆಟಗಾರರಿಗೆ ಅಭ್ಯಾಸದ ಅನುಮತಿ ಸಿಕ್ಕಿದ್ದು ಅದಾದ ಇಪ್ಪತ್ತು ವರ್ಷಕ್ಕೆ. ನಮ್ಮಲ್ಲಿ ಕ್ರಮ ತಿರುಗಾಮುರುಗಾ ಆಗಿದೆ. ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರು, 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಅಂಥವರು ಬಂದದ್ದು ಈ ಮೇಲಂಗಿಯ ಒಳಗಿನಿಂದಲೇ.

ಹೊಸ ಆಟಗಾರರಿಗೆ ನಾನು ಹೇಳುವುದು ಇಷ್ಟು. ಮೊದಲನೆಯದು ಕೈಗವಸು. ತೆಳ್ಳಗಿನ ಕುರಿಚರ್ಮದ ಗ್ಲೌಸ್ ಬೆವರಿಗೆ ನೆನೆದು, ಒಣಗಿ, ಹಪ್ಪಳದಂತೆ ಗಡುಸಾಗುತ್ತದೆ. ಎರಡು ಮೂರು ಇಟ್ಟುಕೊಂಡು ಕೆಲವು ಹೋಲಿಗೊಮ್ಮೆ ಬದಲಾಯಿಸಿ. ತೆಗೆದದ್ದನ್ನು ಮುದ್ದೆ ಮಾಡಿ ಜೇಬಿಗೆ ತುರುಕದೆ ಬ್ಯಾಗಿನ ಹೊರಗೆ ನೇತುಹಾಕಿ. ಪಟ್ ಮಾಡುವಾಗ ತೆಗೆದರೆ ಕೈಗೂ ಗಾಳಿ. ಎರಡನೆಯದು ಬೂಟು. ಏಪ್ರಿಲಿನಲ್ಲಿ ಹುಲ್ಲು ಒಣಗಿರುವುದರಿಂದ ನೀರು ತಡೆಯುವ ಚರ್ಮದ ಬೂಟಿನ ಅಗತ್ಯವಿಲ್ಲ, ಜಾಲರಿ ಬಟ್ಟೆಯ ಹಗುರ ಬೂಟು ಸಾಕು. ಆದರೆ ಹೊಸದನ್ನು ಅಂದೇ ಮೊದಲು ಹಾಕಬೇಡಿ. ಮೂರನೆಯದು ಕೊಡೆ, ಅದಕ್ಕೊಂದು ನಿಯಮವಿದೆ. ನಡೆಯುವಾಗ ಕ್ಯಾಡಿ ನಿಮಗೆ ಕೊಡೆ ಹಿಡಿಯಬಹುದು, ನೀವು ಚೆಂಡು ಹೊಡೆಯುವಾಗ ಹಿಡಿಯುವಂತಿಲ್ಲ. ನಿಯಮ 10.2ಬಿ ಪ್ರಕಾರ ಬಿಸಿಲಿನಿಂದ ಕಾಪಾಡಲು ಇನ್ನೊಬ್ಬರನ್ನು ಹಾಗೆ ನಿಲ್ಲಿಸಿಕೊಂಡು ಹೊಡೆದರೆ ಒಟ್ಟು ಹೊಡೆತಗಳನ್ನು ಎಣಿಸುವ ಸ್ಟ್ರೋಕ್ ಆಟದಲ್ಲಿ ಎರಡು ಹೊಡೆತದ ದಂಡ. ನಿಮ್ಮ ಕೊಡೆಯನ್ನು ನೀವೇ ಒಂದು ಕೈಯಲ್ಲಿ ಹಿಡಿದು ಸಣ್ಣ ಪಟ್ ಮಾಡಿದರೆ ತಪ್ಪಿಲ್ಲ. ಕೊಡೆಯ ನೆರಳಿಗೆ ನಡುನಡುವೆ ಕ್ಯಾಡಿಯನ್ನೂ ಕರೆದುಕೊಂಡರೆ ಅದಕ್ಕೆ ಯಾವ ನಿಯಮವೂ ಅಡ್ಡಿ ಬರುವುದಿಲ್ಲ.

ಮರಳುಗಾಡಿನ ಕನ್ನಡಿಗ:

ಡಾಕ್ಟರ್ ಮೇಡಂ, ಒಂದು ಅನುಮಾನ. ನಾನು ಶಾರ್ಟ್ಸ್‌ನ ಪಕ್ಷ ಬಿಡುವುದಿಲ್ಲ, ಆದರೆ ತೊಡೆಯ ಸಂದಿ ಉಜ್ಜಿ ಉರಿಯುವುದು ಶಾರ್ಟ್ಸ್‌ನಲ್ಲಿ ಹೆಚ್ಚೋ, ಪ್ಯಾಂಟಿನಲ್ಲಿ ಹೆಚ್ಚೋ? ಸಂಕೋಚದಿಂದ ಯಾರೂ ಈ ಮಾತನ್ನು ಎತ್ತುವುದಿಲ್ಲ.

ಚರ್ಮದ ಡಾಕ್ಟರ್:

ಸಂಕೋಚ ಬೇಡ, ಬೇಸಿಗೆಯಲ್ಲಿ ಕತ್ತಿಗಿಂತ ಹೆಚ್ಚು ಜನ ನನಗೆ ತೋರಿಸುವುದು ಅದನ್ನೇ. ಪ್ಯಾಂಟ್, ಶಾರ್ಟ್ಸ್ ಎರಡರಲ್ಲಿಯೂ ಒಳಉಡುಪು ಮುಖ್ಯ. ಬೆವರಿದ ಸಡಿಲ ಹತ್ತಿ ಒಳಚಡ್ಡಿಯ ಹೊಲಿಗೆ ತೊಡೆಗೆ ಉಜ್ಜುತ್ತದೆ. ತೊಡೆಯ ಅರ್ಧದವರೆಗೆ ಬರುವ, ಬೇಗ ಆರುವ ಬಟ್ಟೆಯದು ಆಟದ ಹೊತ್ತಿಗೆ ಒಳ್ಳೆಯದು, ಉಜ್ಜುವ ಜಾಗಕ್ಕೆ ಸ್ವಲ್ಪ ವ್ಯಾಸಲೀನ್ ಸವರಿಕೊಳ್ಳಬಹುದು. ಪೌಡರ್ ಬೆವರಿನೊಡನೆ ಗಂಟುಕಟ್ಟುತ್ತದೆ, ನಾನು ಹೇಳುವುದಿಲ್ಲ. ಆಟ ಮುಗಿದ ಮೇಲೆ ಆ ಒದ್ದೆ ಬಟ್ಟೆಯಲ್ಲಿಯೇ ಊಟಕ್ಕೆ ಕುಳಿತು, ಹರಟೆ ಹೊಡೆದು ಸಂಜೆ ಮನೆಗೆ ಹೋಗುವುದೇ ಹುಳುಕಡ್ಡಿಗೆ ದಾರಿ. ಅಲ್ಲಿಯೇ ಸ್ನಾನ ಮಾಡಿ ಒಣ ಬಟ್ಟೆ ಹಾಕಿಕೊಳ್ಳಿ. ಹುಳುಕಡ್ಡಿ ಕಾಣಿಸಿಕೊಂಡರೆ ಔಷಧಿ ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಬೆರೆಸಿದ ಮುಲಾಮನ್ನು ಹಚ್ಚಬೇಡಿ. ನಾಲ್ಕು ದಿನ ತುರಿಕೆ ನಿಂತಂತೆ ತೋರಿ ಆಮೇಲೆ ವಿಸ್ತಾರವಾಗಿ ಹಬ್ಬುತ್ತದೆ.

ಇನ್ನೊಂದು ಮಾತು ಎಲ್ಲರಿಗೂ. ಯಾವ ಉಡುಪೂ ನೀರಿನ ಬದಲಿಯಾಗದು. ತಲೆ ಸುತ್ತು, ವಾಕರಿಕೆ, ಮಾತು ತಡವರಿಸುವುದು ಕಂಡರೆ ಸ್ಕೋರಿನ ಕಡೆ ನೋಡದೆ ಆಟ ಬಿಟ್ಟು ನೆರಳಿಗೆ ಬನ್ನಿ. ಬ್ಯಾಗ್ ಹೊತ್ತವರಿಗೂ ಇದು ಅನ್ವಯಿಸುತ್ತದೆ, ಅವರು ತಾವಾಗಿ ಹೇಳಿಕೊಳ್ಳುವುದು ಕಡಿಮೆ, ನೀವೇ ಕೇಳಬೇಕು.

ಹೊಸ ಆಟಗಾರ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನನ್ನನ್ನು ಕರೆದವರಿಗೆ ಫೋನ್ ಮಾಡಿದೆ. ಬೆಳಗಿನ ಸಮಯಗಳೆಲ್ಲ ಸದಸ್ಯರಿಗೆ ಹಂಚಿಕೆಯಾಗಿವೆಯಂತೆ, ಹತ್ತು ಗಂಟೆಯೇ ಗತಿ. ತಿಳಿ ಬೂದು ಬಣ್ಣದ ಸಡಿಲ ಪ್ಯಾಂಟ್, ತೆಳು ಪಾಲಿಯೆಸ್ಟರ್ ಟೀ ಶರ್ಟ್, ಸ್ಲೀವ್ಸ್, ಅಗಲ ಅಂಚಿನ ಟೋಪಿ ಎಂದು ತೀರ್ಮಾನಿಸಿದ್ದೇನೆ. ಸ್ಲೀವ್ಸ್‌ಗೆ ಅಭ್ಯಂತರವಿಲ್ಲ, ಟೋಪಿಯನ್ನು ಕ್ಲಬ್‌ಹೌಸಿನ ಒಳಗೆ ತೆಗೆಯಬೇಕು ಎಂದರು. ತಂಪು ಕನ್ನಡಕದ ಬಗ್ಗೆ ಯಾರಾದರೂ ಹೇಳುವಿರಾ?

ಮೈಸೂರಿನ ಆಟಗಾರ್ತಿ:

ಹಾಕಿಕೊಳ್ಳಿ. ಪೋಲರೈಸ್ಡ್ ಗಾಜು ಹೊಳಪನ್ನು ತೆಗೆದುಹಾಕುವುದರಿಂದ ಗ್ರೀನಿನ ಏರಿಳಿತ ಓದುವುದು ನನಗೆ ಕಷ್ಟವಾಗುತ್ತದೆ; ಕೆಲವರಿಗೆ ಆಗುವುದಿಲ್ಲ. ಕಿರಣ ತಡೆಯುವ ಸಾಧಾರಣ ಕಂದು ಗಾಜು ಸಾಕು. ಮೊದಲ ದಿನವೇ ಹೊಸ ಕನ್ನಡಕದಲ್ಲಿ ಪಟ್ ಮಾಡಬೇಡಿ, ದೂರದ ಅಂದಾಜು ತಪ್ಪುತ್ತದೆ.

ಹೈಗ್ರೌಂಡ್ಸ್ ಹಿರಿಯ:

ಕ್ಯಾಡಿಗಳ ಮೇಲಂಗಿಯ ವಿಷಯ ಓದಿದ ಮೇಲೆ ನಮ್ಮಲ್ಲಿ ಏನು ಕೊಡುತ್ತಿದ್ದೇವೆ ಎಂದು ವಿಚಾರಿಸಿದೆ. ಅದೂ ದಪ್ಪ ಬಟ್ಟೆಯೇ, ಬಣ್ಣ ಗಾಢ ಹಸಿರು. ಮಣ್ಣಿನ ಕಲೆ ಕಾಣಬಾರದೆಂದು ಆರಿಸಿದ್ದಂತೆ. ಸಮಿತಿಯ ಮುಂದಿನ ಸಭೆಗೆ ನಾನು ಬರಹದಲ್ಲಿ ಸಲಹೆ ಕೊಡಬಹುದು. ಮಾಸ್ತರೇ, ಬೇಸಿಗೆಗೆ ಹೊಂದುವ ಬಟ್ಟೆಯ ವಿವರವನ್ನು ದರ್ಜಿಗೆ ಅರ್ಥವಾಗುವಂತೆ ಬರೆದುಕೊಡುವಿರಾ? ಯಾರು ಕ್ಯಾಡಿ ಎಂದು ದೂರದಿಂದ ಗುರುತು ಸಿಗಬೇಕು ಎಂಬ ಆಕ್ಷೇಪ ಬಂದೇ ಬರುತ್ತದೆ, ಅದಕ್ಕೂ ಉತ್ತರ ಬೇಕು.

ಗಿರಣಿ ಮಾಸ್ತರ:

ಸಂತೋಷದಿಂದ. ಪಾಲಿಯೆಸ್ಟರ್ ಹೆಣಿಗೆಯ ಬಟ್ಟೆ, 140 ಜಿಎಸ್‌ಎಂ, ತಿಳಿ ಹಳದಿ ಅಥವಾ ಆಕಾಶ ನೀಲಿ. ಗುರುತಿಗೆ ಬಣ್ಣವೇ ಸಾಕು. ಮೇಲಂಗಿ ಬೇಡ, ಅದೇ ಅಂಗಿಯಾಗಲಿ, ಒಂದೇ ಪದರವಾಗುತ್ತದೆ. ತುಂಬು ತೋಳು, ಮಡಿಸಲು ಬರುವಂತಿರಲಿ. ಕಂಕುಳ ಕೆಳಗೆ ಮತ್ತು ಬೆನ್ನಿನ ಮೇಲ್ಭಾಗದಲ್ಲಿ ಜಾಲರಿ ಬಟ್ಟೆ. ಭುಜದ ಮೇಲೆ ಹೊಲಿಗೆ ಬರದಂತೆ ಮುಂದಕ್ಕೆ ಸರಿಸಿ, ಬ್ಯಾಗಿನ ಪಟ್ಟಿ ಒತ್ತುವುದು ಅಲ್ಲಿಯೇ. ಒಬ್ಬರಿಗೆ ಕನಿಷ್ಠ ಎರಡು ಜೊತೆ ಕೊಡಬೇಕು, ಒಂದು ಒಗೆದು ಹಾಕಿದಾಗ ಮತ್ತೊಂದು ಬೇಕಲ್ಲ.

ಬ್ಯಾಗ್ ಹೊತ್ತವ:

ಹಿರಿಯರಿಗೆ ನಮಸ್ಕಾರ. ಇದಕ್ಕೆ ಎರಡು ಸೇರಿಸಿ ಸರ್. ಮುಂದೆ ಆಳವಾದ ಎರಡು ಜೇಬು ಇರಲಿ, ಚೆಂಡು, ಟೀ, ಪೆನ್ಸಿಲ್ ಎಲ್ಲ ಅದರಲ್ಲೇ ಇಡುತ್ತೇವೆ. ಸದಸ್ಯರು ಹಾಕುವಂಥ ಅಗಲ ಅಂಚಿನ ಟೋಪಿಯನ್ನೂ ಪಟ್ಟಿಯಲ್ಲಿ ಬರೆಯಿರಿ, ದಾರ ಇರುವಂಥದ್ದು. ಬ್ಯಾಗ್ ಎತ್ತಲು ಬಗ್ಗಿದಾಗ ದಾರವಿಲ್ಲದ ಟೋಪಿ ಬೀಳುತ್ತದೆ.